ಕೆರೆಯಂಚಿನ ಕೆಂಪು ಏರೋಪ್ಲೇನ್ ಚಿಟ್ಟೆ: ಅರೋರಾವನ್ನು ಗುರುತಿಸುವುದು, ಎಣಿಸುವುದು, ಫೋಟೋ ತೆಗೆಯುವುದು

ಕೆರೆ ಏರಿಯ ಹುಲ್ಲಿನ ತುದಿಯಲ್ಲಿ ಕೆಂಪು ಏರೋಪ್ಲೇನ್ ಚಿಟ್ಟೆ ಕೂತಿದೆ. ಅದು ಯಾವ ಜಾತಿ? ಬಣ್ಣವೊಂದನ್ನೇ ನಂಬಿ ಉತ್ತರ ಕೊಟ್ಟರೆ ತಪ್ಪುವ ಸಂಭವವೇ ಹೆಚ್ಚು. ಕರ್ನಾಟಕದ ಕೆರೆ, ಕಾಲುವೆ, ತೊರೆಗಳ ಬದಿಯಲ್ಲಿ ದೂರದಿಂದ ಕೆಂಪಗೆ ಕಾಣುವ ಜಾತಿಗಳು ಕಡಿಮೆಯೆಂದರೂ ಐದಾರು ಇವೆ. ಅವುಗಳಲ್ಲಿ ಬಹಳ ಚೆಂದದ್ದು, ಬಹಳ ಸಲ ತಪ್ಪು ಹೆಸರು ಹೊತ್ತುಕೊಳ್ಳುವುದು ಟ್ರೈಥೆಮಿಸ್ ಅರೋರಾ. ಇಂಗ್ಲಿಷಿನಲ್ಲಿ ಕ್ರಿಮ್ಸನ್ ಮಾರ್ಷ್ ಗ್ಲೈಡರ್. ಜರ್ಮನಿಯ ಕೀಟತಜ್ಞ ಬರ್ಮೈಸ್ಟರ್ 1839ರಲ್ಲಿ ಇದನ್ನು ವಿವರಿಸಿ ರೋಮನ್ನರ ಉಷೋದೇವಿಯ ಹೆಸರಿಟ್ಟ. ಕನ್ನಡದಲ್ಲಿ ಏರೋಪ್ಲೇನ್ ಚಿಟ್ಟೆ, ಹೆಲಿಕಾಪ್ಟರ್ ಹುಳ ಎಂಬ ಒಟ್ಟು ಹೆಸರುಗಳೇ ಓಡುವುದರಿಂದ ಇಲ್ಲಿ ಅರೋರಾ ಎಂದೇ ಕರೆಯೋಣ. ಇದು ಚಿಟ್ಟೆಯೇನಲ್ಲ, ಚಿಟ್ಟೆಯ ಹತ್ತಿರದ ನೆಂಟನೂ ಅಲ್ಲ.

ಎಲ್ಲಿ, ಯಾವಾಗ ಹುಡುಕಬೇಕು

ಅರೋರಾಗೆ ಬೇಕಾದದ್ದು ನಿಂತ ಅಥವಾ ನಿಧಾನ ಹರಿಯುವ ಸಿಹಿನೀರು, ಅದರ ಅಂಚಿನಲ್ಲಿ ಹುಲ್ಲು ಜೊಂಡು, ಜೊತೆಗೆ ಬಿಸಿಲು. ಕೆರೆಗೆ ಹೋದವರು ಸಾಮಾನ್ಯವಾಗಿ ಏರಿಯ ಮೇಲೆ ನಡೆದು ವಾಪಸಾಗುತ್ತಾರೆ. ಕಲ್ಲು ಹಾಸಿದ ಏರಿಯ ಇಳಿಜಾರಿನಲ್ಲಿ ಅರೋರಾ ಅಷ್ಟಾಗಿ ಸಿಗದು. ತೂಬಿನ ಕೆಳಗಿನ ಕಾಲುವೆ, ಕೋಡಿ ಹರಿದು ಕೆಸರಾದ ಜಾಗ, ಕೆರೆಗೆ ನೀರು ಬರುವ ಕಡೆಯ ಜೌಗು, ಗದ್ದೆಗಳ ನಡುವಿನ ಹಳ್ಳ, ಇವನ್ನು ಮೊದಲು ನೋಡಿ. ಮಲೆನಾಡು, ಕರಾವಳಿಯಲ್ಲಿ ತೊರೆ ಅಗಲವಾಗಿ ನೀರು ನಿಧಾನವಾಗುವ, ಮೇಲೆ ಮರಗಳ ನೆರಳು ಮುಚ್ಚದ ತಿರುವುಗಳಲ್ಲಿ ನಿಲ್ಲಿ.

ವರ್ಷವಿಡೀ ಕಾಣುತ್ತದೆಯಾದರೂ ಮಳೆಗಾಲ ಹಿಂದೆ ಸರಿದು ನೀರು ತಿಳಿಯಾಗುವ ತಿಂಗಳುಗಳಲ್ಲಿ ಹುಡುಕಾಟ ಸುಲಭ. ಬಿಸಿಲಿನ ದಿನ ಬೆಳಿಗ್ಗೆ 9ರಿಂದ 11.30 ಒಳ್ಳೆಯ ಹೊತ್ತು. ಮೋಡ ಕವಿದರೆ ಗಂಡುಗಳು ನೀರಂಚು ಬಿಟ್ಟು ಪೊದೆ ಸೇರುತ್ತವೆ. ಆಗ ಬರಿಗೈಯಲ್ಲಿ ಬಂದು "ಈ ಕೆರೆಯಲ್ಲಿ ಇಲ್ಲ" ಎಂದು ಬರೆಯಬೇಡಿ. ಮೋಡವಿತ್ತು ಎಂದು ಬರೆಯಿರಿ.

ಜೊತೆಗೆ ಒಯ್ಯಬೇಕಾದ್ದು ಹೆಚ್ಚೇನಿಲ್ಲ. 8×32 ಅಥವಾ 8×42 ದುರ್ಬೀನು ಇದ್ದರೆ ಒಳ್ಳೆಯದು, ಆದರೆ ಅದು 2 ಮೀಟರ್ ಹತ್ತಿರಕ್ಕೂ ಫೋಕಸ್ ಆಗಬೇಕು. ಹಕ್ಕಿ ನೋಡಲೆಂದು ಕೊಂಡ ಎಷ್ಟೋ ದುರ್ಬೀನುಗಳು 4 ಮೀಟರ್ ಒಳಗೆ ಮಸುಕು. ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ಚಪ್ಪಲಿಯ ಮೇಲೆ ಫೋಕಸ್ ಮಾಡಿ ನೋಡಿ. ಪೆನ್ಸಿಲು, ಪುಟ್ಟ ನೋಟ್‌ಬುಕ್ಕು, ಟೊಪ್ಪಿ, ಮಾಸಲು ಬಣ್ಣದ ಅಂಗಿ ಸಾಕು. ಬಲೆ ಬೇಡ. ಈ ಜಾತಿಯನ್ನು ಹಿಡಿಯದೆಯೇ ಖಚಿತವಾಗಿ ಹೇಳಬಹುದು.

ಗಂಡನ್ನು ಗುರುತಿಸುವ ಕ್ರಮ

ನಾವು ಬಾಲ ಎನ್ನುವುದು ನಿಜವಾಗಿ ಅದರ ಹೊಟ್ಟೆ, ಹತ್ತು ಖಂಡಗಳದ್ದು. ಅದರ ತುದಿಯಲ್ಲಿ ಮುಳ್ಳಿನಂತೆ ಕಾಣುವುದು ಗಂಡು ಹೆಣ್ಣನ್ನು ಹಿಡಿಯುವ ಕೊಂಡಿ. ಅದು ಕುಟುಕುವುದಿಲ್ಲ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಮಕ್ಕಳಿಗೆ ಇದು ಹೇಗೂ ಗೊತ್ತು, ಹೆದರುವವರು ದೊಡ್ಡವರು.

ಮೊದಲು ರೆಕ್ಕೆ ಮಡಿಚಿದೆಯೋ ಚಾಚಿದೆಯೋ ನೋಡಿ. ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿಕೊಂಡಿದ್ದು ಮೈ ಕಡ್ಡಿಯಂತಿದ್ದರೆ ಅದು ಡ್ಯಾಮ್‌ಸೆಲ್‌ಫ್ಲೈ, ಬೇರೆಯೇ ಗುಂಪು. ಅರೋರಾ ರೆಕ್ಕೆ ಚಾಚಿಯೇ ಕೂರುತ್ತದೆ, ಅದರಲ್ಲೂ ಒಂದು ವಿಶೇಷವಿದೆ. ಬಂದು ಕೂತ ಕ್ಷಣ ರೆಕ್ಕೆಗಳು ಅಡ್ಡಕ್ಕೆ ನೆಟ್ಟಗಿರುತ್ತವೆ. ಮರುಕ್ಷಣ ಒಂದೆರಡು ಹಂತದಲ್ಲಿ, ತೂಕ ತಾಳದೆ ಜಗ್ಗಿದ ಕೊಡೆಯ ಕಡ್ಡಿಯ ಹಾಗೆ, ಮುಂದಕ್ಕೂ ಕೆಳಕ್ಕೂ ಇಳಿಯುತ್ತವೆ. ಟ್ರೈಥೆಮಿಸ್ ಕುಲವನ್ನು ಇಂಗ್ಲಿಷಿನಲ್ಲಿ ಡ್ರಾಪ್‌ವಿಂಗ್ ಎನ್ನುವುದು ಇದಕ್ಕೇ. ಬೇರೆ ಕೆಲವು ಜಾತಿಗಳೂ ರೆಕ್ಕೆ ಇಳಿಬಿಡುತ್ತವಾದ್ದರಿಂದ ಇದೊಂದೇ ಸಾಲದು, ಆದರೆ ದೂರದಿಂದ ಸಿಗುವ ಮೊದಲ ಸುಳಿವು ಇದು.

ಎರಡನೆಯದು ಹಿಂದಿನ ರೆಕ್ಕೆಯ ಬುಡ. ಅರೋರಾ ಗಂಡಿಗೆ ಅಲ್ಲಿ ಜೇನಿನ ಬಣ್ಣದ ಅಗಲವಾದ ಕಲೆ ಇರುತ್ತದೆ. ಇದನ್ನು ನೋಡುವಾಗ ಎಡವುವವರು ಹೆಚ್ಚು. ರೆಕ್ಕೆ ಇಳಿಬಿಟ್ಟು ಕೂತಾಗ ಎದುರಿನಿಂದಲೋ ನೇರ ಪಕ್ಕದಿಂದಲೋ ನೋಡಿದರೆ ಕಲೆ ಎದೆಭಾಗದ ಮರೆಗೆ ಹೋಗುತ್ತದೆ. ಹಿಂದಿನಿಂದ, ಓರೆಯಾಗಿ, ಸ್ವಲ್ಪ ಮೇಲಿನಿಂದ ನೋಡಿ. ಬಿಸಿಲು ರೆಕ್ಕೆಯನ್ನು ತೂರಿ ಬರುವಂತಿದ್ದರೆ ಕಲೆ ಲಾಟೀನಿನ ಗಾಜಿನ ಹಾಗೆ ಬೆಳಗುತ್ತದೆ.

ಮೂರನೆಯದು ರೆಕ್ಕೆಯ ನರಗಳ ಬಣ್ಣ. ನಮ್ಮ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಬಲಿತ ಅರೋರಾ ಗಂಡಿನ ರೆಕ್ಕೆಯ ಬಲೆಯಂಥ ನರಗಳು ಕೆಂಪು. ಅಂಚಿನ ಒಂದೆರಡು ದಪ್ಪ ನರ ಮಾತ್ರವಲ್ಲ, ರೆಕ್ಕೆಯ ಉದ್ದಕ್ಕೂ ಕೆಂಪು. ನೀರಿನ ಹೊಳಪು ಅಥವಾ ಬಿಳಿ ಆಕಾಶ ಹಿಂದಿದ್ದರೆ ಯಾವ ನರವಾದರೂ ಕಪ್ಪಗೇ ಕಾಣುತ್ತದೆ. ಎರಡು ಹೆಜ್ಜೆ ಆಚೆ ಸರಿದು ಹಿನ್ನೆಲೆಗೆ ಗಾಢ ಹಸಿರು ಬರುವಂತೆ ನಿಂತರೆ ಅದೇ ರೆಕ್ಕೆಯಲ್ಲಿ ಕೆಂಪು ಎಳೆಗಳು ಮೂಡುತ್ತವೆ.

ಆಮೇಲೆ ಮೈಬಣ್ಣ. ಅರೋರಾದ್ದು ಅಪ್ಪಟ ಕೆಂಪಲ್ಲ, ಕುಂಕುಮಕ್ಕೆ ಬೀಟ್‌ರೂಟ್ ರಸ ಬೆರೆಸಿದಂಥ ಬಣ್ಣ. ಎದೆಭಾಗದ ಮೇಲೆ ನೇರಳೆ ಛಾಯೆಯ ಸಣ್ಣ ಬೂದಿಯ ಲೇಪ, ಹೊಟ್ಟೆಯ ಬುಡ ಉಬ್ಬಿದ್ದು ಹೊಟ್ಟೆಗೂ ನೇರಳೆ ಮಿಶ್ರಿತ ಕಡುಗೆಂಪು. ಕಾಲುಗಳು ಕಪ್ಪು. ಹೊಟ್ಟೆಯ ಉದ್ದ 21ರಿಂದ 29 ಮಿಲಿಮೀಟರ್, ಹಿಂದಿನ ರೆಕ್ಕೆ 24ರಿಂದ 34 ಮಿಲಿಮೀಟರ್.

ಯಾವುದರ ಜೊತೆ ಕಲೆಸಿಹೋಗುತ್ತದೆ

ಮೊದಲ ಎದುರಾಳಿ ಕ್ರೋಕೋಥೆಮಿಸ್ ಸರ್ವೀಲಿಯಾ. ಕೆರೆಗಳಲ್ಲೂ ಗದ್ದೆಗಳಲ್ಲೂ ಧಾರಾಳ. ಇದರ ಕೆಂಪು ಹಣ್ಣು ಮೆಣಸಿನಕಾಯಿಯ ಕೆಂಪು, ನೇರಳೆಯ ಸುಳಿವೇ ಇಲ್ಲ. ಹೊಟ್ಟೆಯ ಬೆನ್ನ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಉದ್ದಕ್ಕೆ ಹೋಗುತ್ತದೆ. ಕಾಲುಗಳೂ ಕೆಂಪು, ಮೈ ತುಸು ದೊಡ್ಡದು. ಬುಡದಲ್ಲಿ ಇದಕ್ಕೂ ಜೇನುಬಣ್ಣದ ಕಲೆ ಇದೆ ಎನ್ನುವುದೇ ತೊಂದರೆ. ಕಲೆ ಕಂಡ ಕೂಡಲೇ ಅರೋರಾ ಎಂದು ಬರೆಯುವುದು ಹೊಸಬರು ಬಹಳ ಮಾಡುವ ತಪ್ಪು. ಕಲೆಯ ಜೊತೆ ನರ, ಗೆರೆ, ಕಾಲು ಮೂರನ್ನೂ ನೋಡಲೇಬೇಕು.

ಆರ್ಥೆಟ್ರಮ್ ಪ್ರುಯಿನೋಸಮ್ ಇನ್ನೊಂದು ರೀತಿಯಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಅದರ ಹೊಟ್ಟೆಯೂ ಕೆಂಪು-ನೇರಳೆಯೇ. ಆದರೆ ಎದೆಭಾಗ ಗಾಢ, ಬೂದಿನೀಲಿ ಛಾಯೆ. ಎದೆಗೂ ಹೊಟ್ಟೆಗೂ ಬಣ್ಣ ಬೇರೆ ಬೇರೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನರಗಳು ಕಪ್ಪು, ಮೈ ದೊಡ್ಡದು. ಹುಲ್ಲಿನ ತುದಿಗಿಂತ ತೊರೆಯ ಕಲ್ಲು, ನೆಲ ಅದಕ್ಕೆ ಇಷ್ಟ.

ಬರಿಯ ಬಂಡೆಯ ಮೇಲೆ ಕೂತ ಕೆಂಪು ಹುಳವಾದರೆ ಟ್ರೈಥೆಮಿಸ್ ಕಿರ್ಬಿ ಇರಬಹುದು. ಅದಕ್ಕೆ ಹಿಂದಿನ ರೆಕ್ಕೆಗೂ ಮುಂದಿನ ರೆಕ್ಕೆಗೂ ದೊಡ್ಡ ಜೇನುಬಣ್ಣದ ಕಲೆಗಳು. ಯೂರೋಥೆಮಿಸ್ ಸಿಗ್ನೇಟಾದ ಹಿಂದಿನ ರೆಕ್ಕೆಯ ಬುಡದಲ್ಲಿ ಗಾಢ ಕಂದು ಕಲೆ, ಹೊಟ್ಟೆಯ 8 ಮತ್ತು 9ನೇ ಖಂಡಗಳ ಮೇಲೆ ಕಪ್ಪು ಗುರುತು. ರೋಡೋಥೆಮಿಸ್ ರೂಫಾ ತಾವರೆ ಎಲೆ, ನೀರಿನ ಮೇಲೆ ಬಾಗಿದ ಗಿಡಗಳ ಗಿರಾಕಿ. ಎಳೆಯದಾದರೆ ಬೆನ್ನ ಮೇಲೆ ತೆಳು ಬಣ್ಣದ ಪಟ್ಟಿ ಎದ್ದು ಕಾಣುತ್ತದೆ.

ಹೆಣ್ಣು ಮತ್ತು ಎಳೆಯ ಗಂಡು

ಇಲ್ಲಿ ಎಚ್ಚರ ಹೆಚ್ಚು ಬೇಕು. ಅರೋರಾ ಹೆಣ್ಣಿನಲ್ಲಿ ಕಡುಗೆಂಪಿನ ಹೊಳಪಿಲ್ಲ. ಎದೆಭಾಗ ಹಳದಿ-ಹಸಿರು ಬೆರೆತ ಕಂದು, ಪಕ್ಕಗಳಲ್ಲಿ ಕಪ್ಪು ಗೆರೆಗಳು. ಹೊಟ್ಟೆ ಕೆಂಪು ಕಂದು, ಅದರ ನಡುವೆಯೂ ಪಕ್ಕಗಳಲ್ಲೂ ಕಪ್ಪು. ಆ ಕಪ್ಪು ಗುರುತುಗಳು ಸೇರಿ ಪ್ರತಿ ಖಂಡದಲ್ಲೂ ಒಂದೊಂದು ಕಿತ್ತಳೆ ಚುಕ್ಕೆಯನ್ನು ಸುತ್ತುವರಿದಂತೆ ಕಾಣುತ್ತದೆ. ರೆಕ್ಕೆಯ ತುದಿಯಲ್ಲಿ ಕಂದು ಛಾಯೆ, ಬುಡದ ಜೇನುಬಣ್ಣ ಮಾಸಲು, ನರಗಳು ಹಳದಿಯಿಂದ ಕಂದು. ಕ್ರೋಕೋಥೆಮಿಸ್ ಹೆಣ್ಣಿನಲ್ಲಿ ಇಷ್ಟೆಲ್ಲ ಕಪ್ಪು ಚಿತ್ತಾರವಿಲ್ಲ, ಬಿಳಿಚಿದ ಹಳದಿ-ಕಂದು ಮೈಗೆ ನಡುಗೆರೆ ಅಷ್ಟೇ. ಟ್ರೈಥೆಮಿಸ್ ಪ್ಯಾಲಿಡಿನರ್ವಿಸ್ ಹಳದಿ ಕಪ್ಪಿನದೇ ಆದರೂ ಕಾಲುಗಳು ಎದ್ದುಕಾಣುವಷ್ಟು ಉದ್ದ; ಹುಲ್ಲುಕಡ್ಡಿಯ ತುದಿಯಲ್ಲಿ ಮರಗಾಲು ಕಟ್ಟಿಕೊಂಡವರಂತೆ ನಿಂತಿರುತ್ತದೆ.

ಹೊಸದಾಗಿ ಪೊರೆ ಬಿಟ್ಟ ಗಂಡು ಹೆಣ್ಣಿನ ಹಾಗೆಯೇ ಹಳದಿ. ಬಲಿಯುತ್ತ ಬಂದಂತೆ ಕೆಂಪೇರುತ್ತದೆ. ಕೆಂಪು ಏರೋಪ್ಲೇನ್ ಚಿಟ್ಟೆಗಳಲ್ಲಿ ಈ ಬದಲಾವಣೆ ಹೇಗಾಗುತ್ತದೆ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು: ಚರ್ಮದಲ್ಲಿ ಹೊಸ ಬಣ್ಣ ಬಂದು ಸೇರುವುದಿಲ್ಲ, ಇರುವ ವರ್ಣದ್ರವ್ಯವೇ ಎಲೆಕ್ಟ್ರಾನು ಪಡೆದು ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಅವರು ಪರೀಕ್ಷಿಸಿದ ಮೂರು ಜಾತಿಗಳಲ್ಲಿ ನಮ್ಮ ಕೆರೆಗಳ ಕ್ರೋಕೋಥೆಮಿಸ್ ಸರ್ವೀಲಿಯಾ ಒಂದು. ನೋಡುವವರಿಗೆ ಇದರ ಅರ್ಥ ಇಷ್ಟೇ: ಹಳದಿ ಎಂದ ಮಾತ್ರಕ್ಕೆ ಹೆಣ್ಣಲ್ಲ. ಹೊಟ್ಟೆಯ ಎರಡನೇ ಖಂಡದ ಅಡಿಯನ್ನು ಪಕ್ಕದಿಂದ ನೋಡಿ. ಅಲ್ಲಿ ಚಿಕ್ಕ ಉಬ್ಬು ಹೊರಚಾಚಿದ್ದರೆ ಗಂಡು, ನುಣುಪಾಗಿದ್ದರೆ ಹೆಣ್ಣು. ಬಣ್ಣ ಏನೇ ಇರಲಿ, ಈ ಗುರುತು ತಪ್ಪುವುದಿಲ್ಲ.

ಹೆಣ್ಣುಗಳು ಸಿಗುವುದೇ ಇಲ್ಲ ಎನ್ನುವವರು ನೀರಿನ ಕಡೆಗೆ ಮುಖ ಮಾಡಿ ನಿಂತಿರುತ್ತಾರೆ. ಬೆನ್ನು ತಿರುಗಿಸಿ, 20ರಿಂದ 50 ಮೀಟರ್ ಆಚೆಯ ಗದ್ದೆ ಬದು, ಬೇಲಿ, ಎತ್ತರದ ಹುಲ್ಲಿನಲ್ಲಿ ಹುಡುಕಿ. ಹೆಣ್ಣು ನೀರಿಗೆ ಬರುವುದು ಕೂಡಲು, ಮೊಟ್ಟೆಯಿಡಲು. ಉಳಿದ ಹೊತ್ತು ಗಂಡುಗಳ ಕಾಟದಿಂದ ದೂರವೇ ಇರುತ್ತದೆ.

ಫೋಟೋ ತೆಗೆಯುವಾಗ

ಒಂದು ಫೋಟೋ ಸಾಲದು, ನಾಲ್ಕು ಬೇಕು. ಪಕ್ಕದಿಂದ ಪೂರ್ತಿ ಮೈ, ಎದೆಯಿಂದ ಹೊಟ್ಟೆಯ ತುದಿವರೆಗೆ ಫೋಕಸ್ ಸಿಗುವಂತೆ. ಮೇಲಿನಿಂದ ಹೊಟ್ಟೆ, ನಡುಗೆರೆ ಇದೆಯೋ ಇಲ್ಲವೋ ತೋರಿಸಲು. ಹಿಂದಿನ ರೆಕ್ಕೆಯ ಬುಡ, ನರಗಳು ಬಿಡಿಬಿಡಿಯಾಗಿ ಕಾಣುವಂತೆ. ಕೊನೆಗೆ ಕೂತ ಜಾಗದ ದೂರದ ನೋಟ. ಮುಖದ ಕ್ಲೋಸಪ್ಪು ಚೆಂದವೇ, ಆದರೆ ಗುರುತಿಗೆ ಅದರಿಂದ ಪ್ರಯೋಜನ ಕಡಿಮೆ.

ಕ್ಯಾಮೆರಾದಲ್ಲಿ ಎಫ್/8, ಶಟರ್ 1/500 ಅಥವಾ ಅದಕ್ಕಿಂತ ವೇಗ, ಐಎಸ್‌ಒ 400ರಿಂದ ಶುರು ಮಾಡಿ. 70–300 ಎಂಎಂ ಲೆನ್ಸು ಈ ಕೆಲಸಕ್ಕೆ ಮ್ಯಾಕ್ರೋ ಲೆನ್ಸಿಗಿಂತ ಅನುಕೂಲ, ದೂರದಿಂದಲೇ ತೆಗೆಯಬಹುದು. ಮುಖ್ಯವಾದ ಹೊಂದಾಣಿಕೆ ಎಕ್ಸ್‌ಪೋಷರ್. ಉರಿಬಿಸಿಲಲ್ಲಿ ಅರೋರಾದ ಕೆಂಪು ಕ್ಯಾಮೆರಾದ ಕೆಂಪು ಚಾನೆಲ್ಲನ್ನು, ಅಂದರೆ ಕೆಂಪು ಬೆಳಕನ್ನು ದಾಖಲಿಸುವ ಪಾಲನ್ನು, ತುಂಬಿ ಹರಿಸಿಬಿಡುತ್ತದೆ. ಹಸಿರು, ನೀಲಿ ಚಾನೆಲ್ಲುಗಳು ಸರಿಯಾಗಿಯೇ ಇರುವುದರಿಂದ ಒಟ್ಟು ಹಿಸ್ಟೋಗ್ರಾಂ (ಫೋಟೋದ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಏನೂ ತಪ್ಪು ಕಾಣದು. ಆದರೆ ಹೊಟ್ಟೆ ಒಂದೇ ಸಮನೆ ಬಳಿದ ಕೆಂಪು ಮುದ್ದೆಯಾಗಿ, ನೇರಳೆ ಛಾಯೆ ಅಳಿಸಿಹೋಗಿ, ಫೋಟೋದಲ್ಲಿರುವುದು ಕ್ರೋಕೋಥೆಮಿಸ್ ಎನ್ನುವಂತಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿ, ಕೆಂಪು ಚಾನೆಲ್ಲಿನ ಹಿಸ್ಟೋಗ್ರಾಂ ಬೇರೆಯಾಗಿ ನೋಡಿ. ಮೊಬೈಲಿನಲ್ಲಾದರೆ ಹುಳದ ಮೇಲೆ ಬೆರಳೊತ್ತಿ ಫೋಕಸ್ ಹಿಡಿದು ಸೂರ್ಯನ ಚಿಹ್ನೆಯನ್ನು ಕೆಳಕ್ಕೆ ಎಳೆಯಿರಿ. ಬಣ್ಣ ತಾನಾಗಿ ಗಾಢಗೊಳಿಸುವ ಫಿಲ್ಟರುಗಳನ್ನು ಬಂದ್ ಮಾಡಿಬಿಡಿ.

ಹತ್ತಿರ ಹೋಗುವ ಬಗೆ: ನಿಮ್ಮ ನೆರಳು ಅದರ ಮೇಲೆ ಬೀಳದ ದಿಕ್ಕು ಆರಿಸಿ. ಬಾಗಿ, ನೇರವಾಗಿ, ನಿಧಾನವಾಗಿ ಹೋಗಿ. ಪಕ್ಕಕ್ಕೆ ಸರಿಯುವ ಚಲನೆ, ಎತ್ತಿದ ಕೈ ಅದಕ್ಕೆ ಬೇಗ ಕಾಣುತ್ತದೆ. ಹಾರಿಹೋದರೆ ಬೆನ್ನಟ್ಟಬೇಡಿ, ಕದಲದೆ ನಿಲ್ಲಿ. ಗಂಡು ತನ್ನ ಜಾಗ ಕಾಯುವ ಹುಳ, ಒಂದು ಸುತ್ತು ಹೊಡೆದು ಎಷ್ಟೋ ಸಲ ಅದೇ ಕಡ್ಡಿಗೆ ಮರಳುತ್ತದೆ. ಬೆನ್ನಟ್ಟಿದವರಿಗೆ ಕಾಲು ಕೆಸರಾಗುವುದಷ್ಟೇ ಲಾಭ.

ನಡುಹಗಲ ಬಿಸಿಲಲ್ಲಿ ಅದು ಹೊಟ್ಟೆಯನ್ನು ನೆಟ್ಟಗೆ ಮೇಲಕ್ಕೆತ್ತಿ, ತಲೆಕೆಳಗಾಗಿ ನಿಂತಂತೆ ಕೂರುವುದನ್ನು ನೋಡುತ್ತೀರಿ. ಕಸರತ್ತಲ್ಲ. ಹೊಟ್ಟೆಯ ತುದಿ ಸೂರ್ಯನ ಕಡೆಗೆ ಮಾಡಿದರೆ ಮೈಮೇಲೆ ಬೀಳುವ ಬಿಸಿಲು ಕಡಿಮೆ. ಈ ಭಂಗಿ ಕಂಡ ಹೊತ್ತು ಬರೆದಿಟ್ಟುಕೊಳ್ಳಿ.

ಎಣಿಕೆ

ನೀರಂಚಿನ 100 ಮೀಟರ್ ಅಳೆದು, ಎರಡು ಕೊನೆಗಳಿಗೆ ಮರವೋ ಕಲ್ಲೋ ಗುರುತಿಟ್ಟುಕೊಳ್ಳಿ. 20 ನಿಮಿಷದಲ್ಲಿ ಒಂದೇ ದಿಕ್ಕಿಗೆ ನಡೆಯಿರಿ, ನಿಮ್ಮ ಮುಂದೆ 5 ಮೀಟರ್ ಒಳಗೆ ಕಂಡದ್ದನ್ನು ಮಾತ್ರ ಎಣಿಸಿ. ಹಿಂದೆ ಹಾರಿಹೋದದ್ದನ್ನು ಬಿಡಿ. ವಾಪಸು ಬರುವಾಗ ಮತ್ತೆ ಎಣಿಸಿದರೆ ಅದೇ ಗಂಡುಗಳು ಲೆಕ್ಕಕ್ಕೆ ಎರಡು ಸಲ ಸೇರುತ್ತವೆ. ಎರಡು ಗಂಡುಗಳು ಅಟ್ಟಾಡುತ್ತಿದ್ದರೆ ಜಗಳ ಮುಗಿದು ಇಬ್ಬರೂ ಕೂರುವವರೆಗೆ ಕಾದು ಬರೆಯಿರಿ. ತಿಂಗಳಿಗೆ ಎರಡು ಸಲ, ಅದೇ ಹೊತ್ತಿಗೆ, ಅಂಥದೇ ಬಿಸಿಲಿಗೆ ಮಾಡಿದರೆ ಮಾತ್ರ ಒಂದು ತಿಂಗಳನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು.

ಪ್ರತಿ ಸಾಲಿನಲ್ಲಿ ಇಷ್ಟಿರಲಿ: ದಿನಾಂಕ, ಶುರುವಾದ ಗಂಟೆ, ಜಾಗದ ಅಕ್ಷಾಂಶ ರೇಖಾಂಶ, ಬಿಸಿಲೋ ಮೋಡವೋ, ಗಂಡು ಎಷ್ಟು, ಹೆಣ್ಣು ಎಷ್ಟು, ಕೂತದ್ದು ಎಲ್ಲಿ, ಎಷ್ಟು ಎತ್ತರದಲ್ಲಿ. ಏನೂ ಕಾಣದ ದಿನ ಸೊನ್ನೆ ಎಂದೇ ಬರೆಯಿರಿ. ಖಾಲಿ ಬಿಟ್ಟರೆ ಆ ದಿನ ನೀವು ಹೋಗಲೇ ಇಲ್ಲ ಎಂದಾಗುತ್ತದೆ.

ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳೆರಡರಲ್ಲೂ ದಾಖಲೆ ಹಾಕಬಹುದು. ಆ್ಯಪ್ ಸೂಚಿಸುವ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ, ಹೆಣ್ಣುಗಳ ವಿಷಯದಲ್ಲಂತೂ ಬೇಡವೇ ಬೇಡ. ಅನುಮಾನವಿದ್ದರೆ ಟ್ರೈಥೆಮಿಸ್ ಎಂದು ಕುಲದ ಹಂತಕ್ಕೇ ನಿಲ್ಲಿಸಿ.

ಮೊಟ್ಟೆ, ಪೊರೆ

ಹೆಣ್ಣು ಹಾರುತ್ತಲೇ ಹೊಟ್ಟೆಯ ತುದಿಯನ್ನು ನೀರಿಗೆ ಮತ್ತೆ ಮತ್ತೆ ತಾಗಿಸುತ್ತ ಹೋದರೆ ಮೊಟ್ಟೆಯಿಡುತ್ತಿದೆ. ಇದೇ ಚಲನೆಯನ್ನು ಕಾರಿನ ಬಾನೆಟ್ಟಿನ ಮೇಲೆ, ಹರಡಿದ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಕಂಡರೆ ಬೆರಗಾಗಬೇಡಿ. ಏರೋಪ್ಲೇನ್ ಚಿಟ್ಟೆಗಳು ನೀರನ್ನು ಹುಡುಕುವುದು ಮೇಲ್ಮೈಯಿಂದ ಪ್ರತಿಫಲಿಸುವ ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಿಂದ. ನುಣುಪಾದ ಗಾಢ ಬಣ್ಣದ ಮೇಲ್ಮೈ ಅವಕ್ಕೆ ನೀರೇ. ಆ ಮೊಟ್ಟೆಗಳು ಒಣಗಿ ಹೋಗುತ್ತವೆ. ಇದನ್ನು ಸಂತಾನದ ದಾಖಲೆ ಎಂದು ಬರೆಯಬೇಡಿ, ಕಾರನ್ನು ನೀರಂಚಿನಿಂದ ದೂರ ನಿಲ್ಲಿಸಿ.

ಆ ನೀರಿನಲ್ಲೇ ಹುಟ್ಟಿ ಬೆಳೆದ ಏರೋಪ್ಲೇನ್ ಚಿಟ್ಟೆ ಇದೆ ಎನ್ನಲು ಬಲವಾದ ಸಾಕ್ಷಿ ಮರಿ ಕಳಚಿಟ್ಟ ಪೊರೆ. ಬೆಳಕು ಹರಿಯುವ ಮುಂಚೆಯೇ ಟಾರ್ಚ್ ಹಿಡಿದು ಜೊಂಡಿನ ಕಾಂಡಗಳನ್ನು ನೀರಿನ ಮಟ್ಟದಿಂದ ಮೊಣಕಾಲೆತ್ತರದವರೆಗೆ ನೋಡುತ್ತ ಹೋಗಿ. ಪೊರೆ ಕಂದು, ಬೆನ್ನ ಮೇಲೆ ಸೀಳು, ಸೀಳಿನಿಂದ ಹೊರಬಿದ್ದ ನಾಲ್ಕಾರು ಬಿಳಿ ದಾರಗಳು. ಆ ದಾರಗಳು ಮರಿಯ ಉಸಿರ್ನಾಳಗಳ ಒಳಪದರ. ಪಕ್ಕದಲ್ಲಿ ಹಾಲುಬಿಳುಪಿನ ಮೆತ್ತನೆ ರೆಕ್ಕೆಯ ಹುಳ ಜೋತಿದ್ದರೆ ಕಾಂಡವನ್ನು ಅಲ್ಲಾಡಿಸಬೇಡಿ. ರೆಕ್ಕೆ ಗಟ್ಟಿಯಾಗುವ ಮೊದಲು ಬಿದ್ದರೆ ಸುಕ್ಕಾಗಿಯೇ ಒಣಗುತ್ತದೆ, ಅದು ಮತ್ತೆ ಹಾರುವುದಿಲ್ಲ.

ಖಾಲಿ ಪೊರೆಯನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲಿಟ್ಟು ದಿನಾಂಕ, ಜಾಗ ಬರೆದ ಚೀಟಿ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಬರಿಗಣ್ಣಿನಿಂದ ಪೊರೆ ನೋಡಿ ಅರೋರಾ ಎಂದು ಹೇಳಲು ಬರುವುದಿಲ್ಲ. ಅದರಿಂದ ಹೊರಬಂದ ಹುಳವನ್ನೂ ಪಕ್ಕದಲ್ಲೇ ಫೋಟೋ ತೆಗೆದಿದ್ದರೆ ಮಾತ್ರ ಹೆಸರು ಬರೆಯಿರಿ.

ಕೈಯಲ್ಲಿ ಹಿಡಿಯಲೇಬೇಕಾಗಿ ಬಂದರೆ, ಉದಾಹರಣೆಗೆ ಮನೆಯೊಳಗೆ ಬಂದದ್ದನ್ನು ಹೊರಬಿಡಲು, ನಾಲ್ಕೂ ರೆಕ್ಕೆಗಳನ್ನು ಬೆನ್ನ ಮೇಲೆ ಸೇರಿಸಿ ಎರಡು ಬೆರಳಲ್ಲಿ ಮೃದುವಾಗಿ ಹಿಡಿಯಿರಿ. ಹೊಟ್ಟೆ ಹಿಡಿದರೆ ಗಂಡಿನ ಮೈಮೇಲಿನ ನೇರಳೆ ಬೂದಿ ಬೆರಳಿಗಂಟುತ್ತದೆ. ರಕ್ಷಿತಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾವ ಹುಳವನ್ನೂ ಹಿಡಿಯುವಂತಿಲ್ಲ.

ಕೆರೆ ನಿಮ್ಮ ಊರಿನದೇ ಆಗಿದ್ದು ಸ್ವಚ್ಛತೆಯ ಕೆಲಸ ನಡೆಯುತ್ತಿದ್ದರೆ ಕೆಲಸಗಾರರ ಜೊತೆ ಒಂದು ಮಾತಾಡಿ: ಅಂತರಗಂಗೆ ತೆಗೆಯುವುದು ಸರಿ, ಅದು ನೀರನ್ನೇ ಮುಚ್ಚುತ್ತದೆ. ಅಂಚಿನ ಜೊಂಡನ್ನು ಮಾತ್ರ ಒಂದೇ ಸಲಕ್ಕೆ ಸುತ್ತಲೂ ಬೋಳಿಸುವುದು ಬೇಡ. ಈ ವರ್ಷ ಒಂದು ಬದಿ, ಮುಂದಿನ ವರ್ಷ ಇನ್ನೊಂದು ಬದಿ ಕತ್ತರಿಸಲಿ.